ಇಂಜೆಕ್ಷನ್ ಒಂದೇ, ಅಂಡಾಶಯದ ಸ್ಪಂದನೆ ಬೇರೆ ಬೇರೆ: ಐವಿಎಫ್ ಮತ್ತು ವಂಶವಾಹಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ. ಈ ಊರುಗಳಿಂದ ಐವಿಎಫ್‌ಗೆಂದು (ಅಂಡಾಣುವನ್ನು ಹೊರತೆಗೆದು, ವೀರ್ಯದ ಜೊತೆ ಸೇರಿಸಿ, ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆಗೆಂದು) ಹುಬ್ಬಳ್ಳಿಗೋ ಮಂಗಳೂರಿಗೋ ಗೋವಾಕ್ಕೋ ಹೋಗಿಬಂದ ಹೆಣ್ಣುಮಕ್ಕಳು ಆಪ್ತಸಮಾಲೋಚನೆಗೆ ಕೂತಾಗ ನನ್ನನ್ನು ಕೇಳುವ ಪ್ರಶ್ನೆಗಳಿವು. ಡಾಕ್ಟರ ಎದುರು ಬಾಯಿಗೆ ಬಾರದೆ, ವಾಪಸ್ ಬರುವ ದಾರಿಯಲ್ಲಿ ನೆನಪಾಗುವ ಪ್ರಶ್ನೆಗಳೇ ಹೆಚ್ಚು. ಚಿಕಿತ್ಸೆಯ ನಿರ್ಧಾರ ನಿಮ್ಮ ವೈದ್ಯರದ್ದೇ. ಅವರ ಹತ್ತಿರ ಏನು ಕೇಳಬೇಕು ಎಂಬುದಕ್ಕೆ ಈ ಪುಟ ನೆರವಾಗಲಿ.

ನನಗೂ ನಮ್ಮ ಅತ್ತಿಗೆಗೂ ಒಂದೇ ಆಸ್ಪತ್ರೆ, ಒಂದೇ ಇಂಜೆಕ್ಷನ್, ಒಂದೇ ಡೋಸ್. ಅವರಿಗೆ 14 ಅಂಡಾಣು ಸಿಕ್ಕವು, ನನಗೆ 3. ನಾನೇನು ತಪ್ಪು ಮಾಡಿದೆ?

ಏನೂ ತಪ್ಪು ಮಾಡಿಲ್ಲ. ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ, ಉಳಿದದ್ದು ಆಮೇಲೆ.

ಪ್ರತಿ ತಿಂಗಳು ಅಂಡಾಶಯದಲ್ಲಿ ಕೆಲವು ಸಣ್ಣ ಫಾಲಿಕಲ್‌ಗಳು, ಅಂದರೆ ಅಂಡಾಣು ಇರುವ ಪುಟ್ಟ ಚೀಲಗಳು, ಬೆಳೆಯಲು ಸಜ್ಜಾಗುತ್ತವೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಬಿಡುವ ಎಫ್‌ಎಸ್‌ಎಚ್ ಹಾರ್ಮೋನು ಸಾಮಾನ್ಯವಾಗಿ ಅವುಗಳಲ್ಲಿ ಒಂದನ್ನು ಪೂರ್ತಿ ಬೆಳೆಸುವಷ್ಟೇ ಇರುತ್ತದೆ. ಉಳಿದವು ಬಾಡಿಹೋಗುತ್ತವೆ. ಐವಿಎಫ್‌ನಲ್ಲಿ ಸುಮಾರು 8ರಿಂದ 12 ದಿನ ಕೊಡುವ ಚುಚ್ಚುಮದ್ದು ಅದೇ ಎಫ್‌ಎಸ್‌ಎಚ್ ಅನ್ನು ಹೆಚ್ಚಿಸಿ, ಬಾಡಿಹೋಗಲಿದ್ದ ಫಾಲಿಕಲ್‌ಗಳನ್ನೂ ಬೆಳೆಸುತ್ತದೆ. ಇಂಜೆಕ್ಷನ್ ಹೊಸ ಅಂಡಾಣು ಹುಟ್ಟಿಸುವುದಿಲ್ಲ, ಆ ತಿಂಗಳು ಸಜ್ಜಾಗಿ ನಿಂತವನ್ನು ಮಾತ್ರ ಬೆಳೆಸಬಲ್ಲದು. "ಇಂಜೆಕ್ಷನ್ ತಗೊಂಡರೆ ಇರುವ ಅಂಡಾಣುಗಳೆಲ್ಲ ಖಾಲಿಯಾಗುತ್ತವಂತೆ" ಎಂಬ ಹೆದರಿಕೆಯೂ ಇದೇ ಕಾರಣಕ್ಕೆ ಬೇಡ.

ಹಾಗಾಗಿ ಎಷ್ಟು ಸಿಗುತ್ತವೆ ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ. ಒಂದು, ನಿಮ್ಮಲ್ಲಿ ಉಳಿದಿರುವ ಸಂಗ್ರಹ. ಹೆಣ್ಣುಮಗು ಹುಟ್ಟುವಾಗ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಪಕ್ವ ಅಂಡಾಣುಗಳಿರುತ್ತವೆ, ಮೈನೆರೆಯುವ ಹೊತ್ತಿಗೆ 3-4 ಲಕ್ಷ ಉಳಿಯುತ್ತವೆ, ಜೀವಮಾನದಲ್ಲಿ ಪಕ್ವವಾಗಿ ಹೊರಬರುವುದು 400ರ ಆಸುಪಾಸು ಮಾತ್ರ. ಈ ಸಂಗ್ರಹ ಯಾವ ವೇಗದಲ್ಲಿ ಕರಗುತ್ತದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ. ಎರಡು, ಇರುವ ಫಾಲಿಕಲ್‌ಗಳು ಎಫ್‌ಎಸ್‌ಎಚ್‌ಗೆ ಎಷ್ಟು ಚುರುಕಾಗಿ ಸ್ಪಂದಿಸುತ್ತವೆ ಎಂಬುದು. ಈ ಎರಡರಲ್ಲೂ ವಂಶವಾಹಿಯ ಪಾತ್ರ ಇದೆ. ನಿಮ್ಮ ಅತ್ತಿಗೆ ನಿಮ್ಮ ಗಂಡನ ಅಕ್ಕನೇ ಇರಲಿ, ಅಣ್ಣನ ಹೆಂಡತಿಯೇ ಇರಲಿ, ಅವರಿಗೂ ನಿಮಗೂ ರಕ್ತಸಂಬಂಧ ಇಲ್ಲದಿದ್ದರೆ ಹೋಲಿಸಿ ನೋಡುವುದರಲ್ಲಿ ಅರ್ಥವೇ ಇಲ್ಲ.

ಜೀನ್ (ವಂಶವಾಹಿ) ಅಂದರೆ ಇಲ್ಲಿ ನಿರ್ದಿಷ್ಟವಾಗಿ ಯಾವುದು?

ಅತಿ ಹೆಚ್ಚು ಅಧ್ಯಯನವಾಗಿರುವುದು ಎಫ್‌ಎಸ್‌ಎಚ್ ರಿಸೆಪ್ಟರ್‌ನ ಜೀನ್. ರಿಸೆಪ್ಟರ್ ಎಂದರೆ ಫಾಲಿಕಲ್‌ನ ಜೀವಕೋಶಗಳ ಮೇಲೆ ಕೂತು ಎಫ್‌ಎಸ್‌ಎಚ್ ಅನ್ನು ಹಿಡಿದುಕೊಳ್ಳುವ ಪ್ರೋಟೀನು. ಇದರ ಜೀನ್ 2ನೇ ವರ್ಣತಂತುವಿನಲ್ಲಿದೆ. ಪ್ರೋಟೀನಿನ 695 ಅಮೈನೋ ಆಮ್ಲಗಳ ಸರಪಳಿಯಲ್ಲಿ 680ನೇ ಜಾಗದಲ್ಲಿ ಕೆಲವರಿಗೆ ಆಸ್ಪರಜೀನ್ ಇರುತ್ತದೆ, ಕೆಲವರಿಗೆ ಸೆರೀನ್. ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ ಬರುವುದರಿಂದ ಮೂರು ಬಗೆಯ ಹೆಂಗಸರಿದ್ದಾರೆ: ಎರಡೂ ಆಸ್ಪರಜೀನ್, ಒಂದೊಂದು, ಎರಡೂ ಸೆರೀನ್. ಇದು ರೋಗವಲ್ಲ, ಮನುಷ್ಯರ ಎತ್ತರದಲ್ಲಿ ವ್ಯತ್ಯಾಸ ಇರುವ ಹಾಗೆ ಇರುವ ವ್ಯತ್ಯಾಸ.

2000ರಲ್ಲಿ ಜರ್ಮನಿಯ ಸಂಶೋಧಕರು 161 ಮಹಿಳೆಯರ ಐವಿಎಫ್ ದಾಖಲೆಗಳನ್ನು ಹೀಗೆ ಮೂರು ಗುಂಪಾಗಿ ನೋಡಿದರು. ಎರಡೂ ಆಸ್ಪರಜೀನ್ ಇದ್ದವರಿಗೆ ಸರಾಸರಿ 32 ಆಂಪೂಲ್ (ಔಷಧದ ಸಣ್ಣ ಸೀಸೆ) ಎಫ್‌ಎಸ್‌ಎಚ್ ಸಾಕಾಗಿತ್ತು, ಒಂದೊಂದು ಇದ್ದವರಿಗೆ 41, ಎರಡೂ ಸೆರೀನ್ ಇದ್ದವರಿಗೆ 47 ಬೇಕಾಗಿತ್ತು. ಎಂದರೆ ಸೆರೀನ್ ಬಗೆಯ ರಿಸೆಪ್ಟರ್ ತುಸು ಮಂದ, ಕೆಲಸ ಮಾಡುತ್ತದೆ, ಆದರೆ ಹೆಚ್ಚು ಔಷಧ ಕೇಳುತ್ತದೆ. ನಮ್ಮ ಕಡೆಯಿಂದ ಹೇಳುವುದಾದರೆ, ಮುಂಬೈನ ಪರೇಲ್‌ನಲ್ಲಿರುವ ರಾಷ್ಟ್ರೀಯ ಸಂತಾನೋತ್ಪತ್ತಿ ಆರೋಗ್ಯ ಸಂಶೋಧನಾ ಸಂಸ್ಥೆಯ ತಂಡ 2009ರಲ್ಲಿ ಭಾರತೀಯ ಮಹಿಳೆಯರಲ್ಲಿ ಇದೇ ಜೀನ್‌ನ ಇನ್ನೊಂದು ಜಾಗ ನೋಡಿತು. ಜೀನ್ ಶುರುವಾಗುವ ಮೊದಲಿನ ಭಾಗದಲ್ಲಿ, ಮೈನಸ್ 29 ಎಂದು ಗುರುತಿಸುವ ಜಾಗದಲ್ಲಿ, ಒಂದು ಅಕ್ಷರದ ಬದಲಾವಣೆ ಎರಡೂ ಪ್ರತಿಗಳಲ್ಲಿ ಇದ್ದವರಲ್ಲಿ ಸ್ಪಂದನೆ ಕಡಿಮೆ ಇರುವುದು ಕಂಡುಬಂತು.

ಅಂಡಾಣು ಬಿಡುಗಡೆಗೆ ಬೇಕಾದ ಎಲ್‌ಎಚ್ ಹಾರ್ಮೋನಿನ ಜೀನ್‌ನಲ್ಲೂ ಒಂದು ಸಾಮಾನ್ಯ ಬದಲಾವಣೆ ಇದೆ. ಅದಿರುವವರಿಗೂ ಎಫ್‌ಎಸ್‌ಎಚ್ ಹೆಚ್ಚು ಬೇಕಾಗುವುದನ್ನು ಕೆಲವು ಅಧ್ಯಯನಗಳು ತೋರಿಸಿವೆ.

ಹಾಗಾದರೆ ಇಂಜೆಕ್ಷನ್ ಶುರುಮಾಡುವ ಮೊದಲೇ ಆ ಜೀನ್ ಟೆಸ್ಟ್ ಮಾಡಿಸಬೇಕಾ? ಸಾಲ ಮಾಡಿಯಾದರೂ ಮಾಡಿಸುತ್ತೇವೆ.

ಸಾಲ ಮಾಡಬೇಡಿ. ಮೇಲಿನ ವ್ಯತ್ಯಾಸಗಳು ಗುಂಪಿನ ಸರಾಸರಿಯಲ್ಲಿ ಕಾಣುತ್ತವೆ, ಒಬ್ಬ ಹೆಣ್ಣುಮಗಳಿಗೆ ಎಷ್ಟು ಅಂಡಾಣು ಸಿಗುತ್ತದೆಂದು ಹೇಳುವ ಶಕ್ತಿ ಅವಕ್ಕಿಲ್ಲ. ಎಲ್ಲ ಅಧ್ಯಯನಗಳ ಫಲಿತಾಂಶವೂ ಒಂದೇ ದಿಕ್ಕಿನಲ್ಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಮುಟ್ಟಿನ ಮೊದಲ ದಿನಗಳಲ್ಲಿ ಕಾಣುವ ಸಣ್ಣ ಫಾಲಿಕಲ್‌ಗಳ ಲೆಕ್ಕ, ರಕ್ತದ ಎಎಂಎಚ್ (ಸಣ್ಣ ಫಾಲಿಕಲ್‌ಗಳು ಬಿಡುವ ಹಾರ್ಮೋನು), ನಿಮ್ಮ ವಯಸ್ಸು, ತೂಕ – ಇವಿಷ್ಟನ್ನು ನೋಡಿಯೇ ವೈದ್ಯರು ಡೋಸ್ ನಿರ್ಧರಿಸುತ್ತಾರೆ. ಎಫ್‌ಎಸ್‌ಎಚ್ ರಿಸೆಪ್ಟರ್ ಟೆಸ್ಟ್ ಇದಕ್ಕೆ ಸೇರಿಸುವುದು ಅಲ್ಪ. ಮೊದಲ ಸೈಕಲ್‌ನಲ್ಲಿ (ಮೊದಲ ಸುತ್ತಿನ ಚಿಕಿತ್ಸೆಯಲ್ಲಿ) ನಿಮ್ಮ ಅಂಡಾಶಯ ಹೇಗೆ ನಡೆದುಕೊಂಡಿತು ಎಂಬ ದಾಖಲೆ ಆ ಟೆಸ್ಟ್‌ಗಿಂತ ಬೆಲೆಯುಳ್ಳದ್ದು. ದಯವಿಟ್ಟು ಆ ಫೈಲನ್ನು ಜೋಪಾನ ಮಾಡಿ: ಯಾವ ದಿನ ಎಷ್ಟು ಯೂನಿಟ್, ಯಾವ ದಿನದ ಸ್ಕ್ಯಾನ್‌ನಲ್ಲಿ ಎಷ್ಟು ಫಾಲಿಕಲ್, ಎಷ್ಟು ಅಂಡಾಣು, ಅದರಲ್ಲಿ ಪಕ್ವವಾದವು ಎಷ್ಟು. ಆಸ್ಪತ್ರೆ ಬದಲಿಸುವಾಗ ಬರೀ ಬಿಲ್ಲು ತರುವವರೇ ಹೆಚ್ಚು.

ಮಾಡಿಸಲೇಬೇಕಾದ ಜೀನ್ ಪರೀಕ್ಷೆಗಳು ಬೇರೆ ಇವೆ, ಕೆಲವರಿಗೆ ಮಾತ್ರ. ಅದನ್ನು ಕೆಳಗೆ ಹೇಳುತ್ತೇನೆ.

ಎಎಂಎಚ್ 0.8 ಬಂದಿದೆ. ಇನ್ನು ಮಕ್ಕಳೇ ಆಗುವುದಿಲ್ಲವಾ?

ಎಎಂಎಚ್ ಹೇಳುವುದು ಇಂಜೆಕ್ಷನ್‌ಗೆ ಸುಮಾರು ಎಷ್ಟು ಫಾಲಿಕಲ್ ಏಳಬಹುದು ಎಂಬುದನ್ನು. ಅಂಡಾಣುವಿನ ಗುಣಮಟ್ಟವನ್ನು ಅದು ಹೇಳುವುದಿಲ್ಲ, ಗುಣಮಟ್ಟಕ್ಕೆ ವಯಸ್ಸೇ ಮುಖ್ಯ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮಕ್ಕಳಾಗದ ಸಮಸ್ಯೆಯ ಹಿನ್ನೆಲೆ ಇಲ್ಲದ 30ರಿಂದ 44 ವಯಸ್ಸಿನ 750 ಮಹಿಳೆಯರನ್ನು ಗಮನಿಸಿದಾಗ, ಎಎಂಎಚ್ ಕಡಿಮೆ ಇದ್ದವರೂ ಸಹಜವಾಗಿ ಗರ್ಭ ಧರಿಸುವುದರಲ್ಲಿ ಹಿಂದೆ ಬೀಳಲಿಲ್ಲ. ಪೋಸಿಡಾನ್ ಎಂಬ 2016ರ ವರ್ಗೀಕರಣದಲ್ಲಿ ಎಎಂಎಚ್ 1.2ಕ್ಕಿಂತ ಕೆಳಗಿದ್ದರೆ ಸಂಗ್ರಹ ಕಡಿಮೆ ಎಂದು ಗುರುತಿಸುತ್ತಾರೆ, ಆದರೆ ಅದೇ ವರ್ಗೀಕರಣ 35ಕ್ಕಿಂತ ಚಿಕ್ಕವರನ್ನೂ ದೊಡ್ಡವರನ್ನೂ ಬೇರೆ ಬೇರೆ ಗುಂಪಿನಲ್ಲಿಡುತ್ತದೆ. 29ರ ಹುಡುಗಿಯ 0.8ಕ್ಕೂ 41ರ ಹೆಂಗಸಿನ 0.8ಕ್ಕೂ ಬಹಳ ಅಂತರ ಇದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಎಎಂಎಚ್ ಕಡಿಮೆ ತೋರಿಸಬಹುದು, ಅದನ್ನು ವೈದ್ಯರಿಗೆ ಹೇಳಿ.

ನಮ್ಮ ಆಯಿಗೆ 39ಕ್ಕೇ ಮುಟ್ಟು ನಿಂತಿತ್ತು. ನನಗೂ ಹಾಗೇ ಆಗುತ್ತದಾ?

ಹಾಗೇ ಆಗುತ್ತದೆ ಎಂದಲ್ಲ, ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ವಂಶದಿಂದ ಬಂದದ್ದು. 2021ರಲ್ಲಿ ಸುಮಾರು 2 ಲಕ್ಷ ಮಹಿಳೆಯರ ಮಾಹಿತಿ ಇಟ್ಟುಕೊಂಡು ನಡೆದ ದೊಡ್ಡ ಅಧ್ಯಯನ, ಇದಕ್ಕೆ ಸಂಬಂಧಿಸಿದ 290 ಜಾಗಗಳನ್ನು ನಮ್ಮ ವಂಶವಾಹಿಗಳಲ್ಲಿ ಗುರುತಿಸಿತು. ಅವುಗಳಲ್ಲಿ ಅನೇಕವು ಡಿಎನ್‌ಎಗೆ ಆದ ಹಾನಿಯನ್ನು ಜೀವಕೋಶ ಹೇಗೆ ಗುರುತಿಸಿ ಸರಿಪಡಿಸುತ್ತದೆ ಎಂಬುದಕ್ಕೆ ಸೇರಿದವು. ಡೆನ್ಮಾರ್ಕ್‌ನ ಅಧ್ಯಯನದಲ್ಲಿ, ತಾಯಿಗೆ 45ರೊಳಗೆ ಮುಟ್ಟು ನಿಂತಿದ್ದ ಹೆಣ್ಣುಮಕ್ಕಳ ಎಎಂಎಚ್ ಉಳಿದವರಿಗಿಂತ ಕಡಿಮೆ ಇತ್ತು.

ಹಾಗಾಗಿ ಆಯಿ, ದೊಡ್ಡಮ್ಮ, ಚಿಕ್ಕಮ್ಮ, ಅಜ್ಜಿ ಎಲ್ಲರದ್ದೂ ಕೇಳಿಕೊಳ್ಳಿ. ನಮ್ಮಲ್ಲಿ ಗರ್ಭಕೋಶ ತೆಗೆಸಿಕೊಂಡವರು ತುಂಬ ಇರುವುದರಿಂದ "ಮುಟ್ಟು ತಾನಾಗಿ ನಿಂತಿತೋ, ಆಪರೇಷನ್ ಆಗಿ ನಿಂತಿತೋ" ಎಂದು ಬಿಡಿಸಿ ಕೇಳಬೇಕು. ಎರಡನೆಯದ್ದು ಲೆಕ್ಕಕ್ಕೆ ಬರುವುದಿಲ್ಲ. ತಾನಾಗಿಯೇ 40ರೊಳಗೆ ನಿಂತಿದ್ದರೆ, ನೀವು ಮದುವೆಯಾಗಿ "ಸ್ವಲ್ಪ ವರ್ಷ ಹೋಗಲಿ" ಎಂದು ಕಾಯುವ ಮೊದಲು ಒಮ್ಮೆ ಎಎಂಎಚ್ ಮತ್ತು ಸ್ಕ್ಯಾನ್ ನೋಡಿಸುವುದು ಒಳ್ಳೆಯದು.

ಡಾಕ್ಟರು 'ಫ್ರಜೈಲ್ ಎಕ್ಸ್' ಟೆಸ್ಟ್ ಬರೆದಿದ್ದಾರೆ. ನೆಟ್‌ನಲ್ಲಿ ನೋಡಿದರೆ ಬುದ್ಧಿಮಾಂದ್ಯ ಅಂತ ಬರುತ್ತದೆ. ನನಗ್ಯಾಕೆ ಅದು?

ನಾನು ಮೇಲೆ ಹೇಳಿದ, ಮಾಡಿಸಲೇಬೇಕಾದ ಪರೀಕ್ಷೆ ಇದು. ಚಿಕ್ಕ ವಯಸ್ಸಿನಲ್ಲೇ ಸಂಗ್ರಹ ತೀರ ಕಡಿಮೆಯಾಗಿರುವವರಿಗೆ, 40ರೊಳಗೆ ಮುಟ್ಟು ನಿಂತವರಿಗೆ ಇದನ್ನು ಬರೆಯುತ್ತಾರೆ.

ಎಕ್ಸ್ ವರ್ಣತಂತುವಿನಲ್ಲಿ ಎಫ್‌ಎಂಆರ್1 ಎಂಬ ಜೀನ್ ಇದೆ. ಅದರ ಒಂದು ತುದಿಯಲ್ಲಿ ಸಿಜಿಜಿ ಎಂಬ ಮೂರಕ್ಷರದ ತುಣುಕು ಮತ್ತೆ ಮತ್ತೆ ಬರುತ್ತದೆ. 44ರವರೆಗೆ ಬಂದರೆ ಸಾಮಾನ್ಯ. 55ರಿಂದ 200ರ ನಡುವೆ ಇದ್ದರೆ ಪ್ರಿಮ್ಯುಟೇಶನ್ ಎನ್ನುತ್ತಾರೆ. 200 ದಾಟಿದರೆ ಜೀನ್ ಮುಚ್ಚಿಹೋಗಿ ಫ್ರಜೈಲ್ ಎಕ್ಸ್ ಎಂಬ, ಮಕ್ಕಳ ಬೆಳವಣಿಗೆ ಹಿಂದೆ ಬೀಳುವ ಸ್ಥಿತಿ ಬರುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು ತೀವ್ರವಾಗಿ. ಪ್ರಿಮ್ಯುಟೇಶನ್ ಇರುವ ಹೆಂಗಸರು ಸಾಮಾನ್ಯವಾಗಿ ಎಲ್ಲರಂತೆಯೇ ಓದು, ಕೆಲಸ, ಸಂಸಾರ ಮಾಡಿಕೊಂಡಿರುತ್ತಾರೆ. ಆದರೆ ಅವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ 40ರೊಳಗೆ ಅಂಡಾಶಯ ಸೋಲುತ್ತದೆ. ಸಿಜಿಜಿ 70ರಿಂದ 100ರ ನಡುವೆ ಇರುವವರಿಗೆ ಈ ಅಪಾಯ ಹೆಚ್ಚು.

ಫಲಿತಾಂಶ ನಿಮ್ಮ ಅಂಡಾಶಯದ ಜೊತೆ ಮುಂದಿನ ಮಗುವಿನ ಬಗ್ಗೆಯೂ ಹೇಳುತ್ತದೆ ಎಂಬುದಕ್ಕೇ ಇದು ಮುಖ್ಯ. ಪ್ರಿಮ್ಯುಟೇಶನ್ ಇರುವ ತಾಯಿಯಿಂದ ಪ್ರತಿ ಮಗುವಿಗೂ ಆ ಎಕ್ಸ್ ಹೋಗುವ ಸಾಧ್ಯತೆ ಅರ್ಧ, ಹೋಗುವಾಗ ತುಣುಕುಗಳು ಹೆಚ್ಚಾಗಿ 200 ದಾಟಲೂಬಹುದು. 55ರ ಆಸುಪಾಸಿದ್ದರೆ ಹಾಗಾಗುವುದು ವಿರಳ, 100 ದಾಟಿದ್ದರೆ ಬಹುತೇಕ ಖಚಿತ. ಮೊದಲೇ ಗೊತ್ತಿದ್ದರೆ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಮೊದಲೇ ಪರೀಕ್ಷಿಸುವ ದಾರಿ ಇದೆ.

ಮನೆಯ ಚರಿತ್ರೆ ಕೇಳುವಾಗ ನಾನು ಎರಡು ವಿಷಯ ಬಿಡದೆ ಕೇಳುತ್ತೇನೆ. ತವರಿನ ಕಡೆ ಮಾತು ತಡವಾದ, ಶಾಲೆಯಲ್ಲಿ ಹಿಂದೆ ಬಿದ್ದ ಗಂಡುಹುಡುಗರಿದ್ದಾರಾ? 60 ದಾಟಿದ ಮೇಲೆ ಕೈ ನಡುಕ, ನಡೆಯುವಾಗ ಆಯ ತಪ್ಪುವುದು ಶುರುವಾದ ಅಜ್ಜ ಇದ್ದರಾ? ಪ್ರಿಮ್ಯುಟೇಶನ್ ಇರುವ ಗಂಡಸರಿಗೆ ಇಳಿವಯಸ್ಸಿನಲ್ಲಿ ಹೀಗಾಗುವುದುಂಟು, ಅವರಿಂದ ಅದು ಎಲ್ಲ ಹೆಣ್ಣುಮಕ್ಕಳಿಗೂ ಹೋಗುತ್ತದೆ. ಮನೆಯವರು ಬಿಡಿಬಿಡಿಯಾಗಿ ಕಂಡ ಮೂರು ಕಷ್ಟಗಳ ಹಿಂದೆ ಒಂದೇ ಜೀನ್ ಇರಬಹುದು.

ವರ್ಣತಂತು ಪರೀಕ್ಷೆಯೂ ಬೇಕಾ?

ಅದೇ ಪರಿಸ್ಥಿತಿಯಲ್ಲಿ, ಹೌದು. ಕ್ಯಾರಿಯೋಟೈಪ್ ಎನ್ನುತ್ತಾರೆ. ಕೆಲವರ ದೇಹದಲ್ಲಿ ಕೆಲವು ಜೀವಕೋಶಗಳಿಗೆ ಎರಡು ಎಕ್ಸ್ ಇದ್ದು ಉಳಿದವಕ್ಕೆ ಒಂದೇ ಇರುತ್ತದೆ. ಹೊರಗೆ ಏನೂ ಕಾಣದೆ ಅಂಡಾಶಯ ಮಾತ್ರ ಬೇಗ ಬರಿದಾಗಬಹುದು. ಹೃದಯದ ತಪಾಸಣೆಯೂ ಬೇಕಾಗುವುದರಿಂದ ಗರ್ಭ ನಿಲ್ಲುವ ಮೊದಲೇ ತಿಳಿದಿರಬೇಕು.

ನಮ್ಮದು ಸೋದರತ್ತೆ ಮಗನ ಜೊತೆ ಮದುವೆ. ಅದಕ್ಕೇ ಹೀಗಾಯಿತು ಎನ್ನುತ್ತಾರೆ.

ನಿಮ್ಮ ಅಂಡಾಶಯದ ಮೇಲೆ ನಿಮ್ಮ ಗಂಡನ ಜೀನ್ ಯಾವ ಪರಿಣಾಮವನ್ನೂ ಮಾಡುವುದಿಲ್ಲ. ಅವರು ಸೋದರಸಂಬಂಧಿಯಾದರೂ ಅಷ್ಟೇ, ಅಲ್ಲದಿದ್ದರೂ ಅಷ್ಟೇ. ಕೇಳಬೇಕಾದ್ದು ನಿಮ್ಮ ಅಪ್ಪ-ಅಮ್ಮ ಸಂಬಂಧದಲ್ಲಿ ಮದುವೆಯಾದವರೇ ಎಂದು. ಒಂದೇ ದೋಷವುಳ್ಳ ಪ್ರತಿ ಎರಡೂ ಕಡೆಯಿಂದ ನಿಮಗೆ ಬಂದಿದ್ದರೆ ಅಂಡಾಶಯ ಬೇಗ ಸೋಲುವ ಅಪರೂಪದ ಸ್ಥಿತಿಗಳಿವೆ. ಫಿನ್ಲೆಂಡ್‌ನಲ್ಲಿ 1995ರಲ್ಲಿ ಗುರುತಿಸಿದ ಎಫ್‌ಎಸ್‌ಎಚ್ ರಿಸೆಪ್ಟರ್‌ನ ಪೂರ್ತಿ ಕೆಲಸಗೆಟ್ಟ ರೂಪ ಅಂಥದ್ದು. ಅಂಥವರಿಗೆ ಎಷ್ಟು ಇಂಜೆಕ್ಷನ್ ಕೊಟ್ಟರೂ ಫಾಲಿಕಲ್ ಬೆಳೆಯುವುದಿಲ್ಲ. ನಿಮ್ಮ ಸ್ವಂತ ಸೋದರಿಕೆ ಮದುವೆ ಮುಂದಿನ ಮಗುವಿನ ವಿಷಯದಲ್ಲಿ ಮುಖ್ಯ, ಅದಕ್ಕೆ ಗರ್ಭಕ್ಕೆ ಮೊದಲೇ ತಳಿ ಸಮಾಲೋಚನೆ ಪಡೆಯಿರಿ. ಮಣಿಪಾಲದ ಕೆಎಂಸಿಯಲ್ಲಿ ವೈದ್ಯಕೀಯ ತಳಿಶಾಸ್ತ್ರ ವಿಭಾಗ ಇದೆ, ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ.

ಜಾತಿ, ಸಮುದಾಯದ ಮೇಲೆ ಸ್ಪಂದನೆ ಬದಲಾಗುತ್ತದಾ?

ಈ ಪ್ರಶ್ನೆ ಕೇಳುವಾಗ ಕೆಲವರ ದನಿಯಲ್ಲಿ ಅಳುಕಿರುತ್ತದೆ, ಕೆಲವರ ದನಿಯಲ್ಲಿ ಇನ್ನೊಬ್ಬರನ್ನು ಕೀಳು ಮಾಡುವ ಧಾಟಿ ಇರುತ್ತದೆ. ಎರಡೂ ಬೇಡ. ಯಾವ ಜಾತಿಯೂ ಬಂಜೆತನದ ಜೀನನ್ನು ಹೊತ್ತುಕೊಂಡಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಹವ್ಯಕರು, ಹಾಲಕ್ಕಿಗಳು, ನಾಮಧಾರಿಗಳು, ಗೌಡ ಸಾರಸ್ವತರು, ಭಟ್ಕಳದ ನವಾಯತರು, ಯಲ್ಲಾಪುರ-ಹಳಿಯಾಳದ ಸಿದ್ದಿಗಳು ತಂತಮ್ಮೊಳಗೇ ಮದುವೆಯಾಗುತ್ತ ಬಂದವರು. ಸಿದ್ದಿಗಳ ಪೂರ್ವಿಕರು ಆಫ್ರಿಕಾದಿಂದ ಬಂದವರೆಂದು ವಂಶವಾಹಿ ಅಧ್ಯಯನಗಳೂ ತೋರಿಸಿವೆ. ಹೀಗಿರುವಾಗ ಒಂದೊಂದು ಗುಂಪಿನಲ್ಲಿ ಒಂದೊಂದು ಜೀನ್ ರೂಪದ ಪ್ರಮಾಣ ಹೆಚ್ಚುಕಡಿಮೆ ಇರುವುದು ಸಹಜ. ಮುಟ್ಟು ನಿಲ್ಲುವ ವಯಸ್ಸಿನ ದೊಡ್ಡ ಅಧ್ಯಯನಗಳು ಬಹುಪಾಲು ಯುರೋಪ್ ಮೂಲದವರ ಮೇಲೆ ನಡೆದವು. ಅವುಗಳ ಆಧಾರದಲ್ಲಿ 'ನಿಮ್ಮ ಫಲವತ್ತತೆಯ ಸ್ಕೋರ್' ಎಂದು ಮಾರುವ ಕಿಟ್‌ಗಳನ್ನು ಇಲ್ಲಿಯ ಹೆಣ್ಣುಮಕ್ಕಳು ನಂಬಿ ದುಡ್ಡು ಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನನಗೆ ಪಿಸಿಒಎಸ್. 30 ಫಾಲಿಕಲ್ ಬಂದು ಹೊಟ್ಟೆ ಉಬ್ಬಿ ಅಡ್ಮಿಟ್ ಆಗಬೇಕಾಯಿತು. ಇದೂ ಜೀನ್‌ನಿಂದಲಾ?

ಪಿಸಿಒಎಸ್ (ಅಂಡಾಶಯದಲ್ಲಿ ತುಂಬ ಸಣ್ಣ ಫಾಲಿಕಲ್‌ಗಳಿದ್ದು ಮುಟ್ಟು ಏರುಪೇರಾಗುವ ಹಾರ್ಮೋನಿನ ತೊಂದರೆ) ಮನೆತನದಲ್ಲಿ ಬರುವುದು ನಿಜ. 2011ರಲ್ಲಿ ಚೀನಾದ ಮಹಿಳೆಯರಲ್ಲಿ ನಡೆದ ಅಧ್ಯಯನ ಎಲ್‌ಎಚ್ ರಿಸೆಪ್ಟರ್ ಜೀನ್ ಇರುವ ಭಾಗವೂ ಸೇರಿ ಮೂರು ಜಾಗಗಳನ್ನು ಗುರುತಿಸಿತು. ನಿಮಗಾದದ್ದು ಅತಿಸ್ಪಂದನೆ. ಎಫ್‌ಎಸ್‌ಎಚ್ ರಿಸೆಪ್ಟರ್ ಜೀನ್‌ನ ವಿರಳ ಬದಲಾವಣೆಗಳಿಂದ ಇಂಜೆಕ್ಷನ್ ಇಲ್ಲದೆಯೇ, ಗರ್ಭಿಣಿಯಾದಾಗ ತಾನಾಗಿ ಹೀಗೆ ಹೊಟ್ಟೆ ಉಬ್ಬಿದ ಮನೆತನಗಳ ವರದಿ 2003ರಲ್ಲಿ ಬಂತು, ಆದರೆ ಅದು ಬಹಳ ಅಪರೂಪ. ಮುಂದಿನ ಸಲ ಕಡಿಮೆ ಡೋಸ್, ಆಂಟಗೊನಿಸ್ಟ್ ವಿಧಾನ (ಅಂಡಾಣು ಮೊದಲೇ ಬಿಡುಗಡೆಯಾಗದಂತೆ ತಡೆಯುವ ಔಷಧ), ಎಚ್‌ಸಿಜಿ ಹಾರ್ಮೋನಿನ ಬದಲು ಬೇರೆ ಟ್ರಿಗರ್ (ಅಂಡಾಣು ಪಕ್ವಗೊಳಿಸುವ ಕೊನೆಯ ಇಂಜೆಕ್ಷನ್), ಭ್ರೂಣಗಳನ್ನೆಲ್ಲ ಶೈತ್ಯೀಕರಿಸಿ ನಂತರದ ತಿಂಗಳು ಬಿಡುವುದು – ಇವುಗಳಿಂದ ಅಪಾಯ ತುಂಬ ಇಳಿಯುತ್ತದೆ. ಹಿಂದಿನ ಸಲದ ವಿಷಯ ಹೊಸ ವೈದ್ಯರಿಂದ ಮುಚ್ಚಿಡಬೇಡಿ.

ಜೀನ್ ಅಲ್ಲದ ಕಾರಣಗಳೂ ಇವೆಯಲ್ಲ?

ಇವೆ, ಜೀನನ್ನು ದೂರುವ ಮೊದಲು ಅವನ್ನೇ ನೋಡಬೇಕು. ಚಾಕ್ಲೇಟ್ ಸಿಸ್ಟ್‌ಗೆ (ಅಂಡಾಶಯದಲ್ಲಿ ಹಳೆ ರಕ್ತ ತುಂಬಿದ ಗುಳ್ಳೆಗೆ) ಆದ ಆಪರೇಷನ್, ಕ್ಯಾನ್ಸರ್ ಚಿಕಿತ್ಸೆ, ತಂಬಾಕು, ಎಲ್ಲಕ್ಕಿಂತ ದೊಡ್ಡದಾಗಿ ವಯಸ್ಸು.

ಇನ್ನೊಂದನ್ನು ಯಾರೂ ಕೇಳುವುದಿಲ್ಲ: ಔಷಧ ಹೇಗಿಟ್ಟಿರಿ? ಎಫ್‌ಎಸ್‌ಎಚ್ ಪೆನ್ನುಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿಯಲ್ಲಿಡಬೇಕು. ಹೊರಗಿಡಬಹುದಾದವಕ್ಕೂ 25 ಡಿಗ್ರಿಯ ಮಿತಿ ಇರುತ್ತದೆ, ಕರಾವಳಿಯ ಸೆಕೆಯಲ್ಲಿ ಅದು ಸಿಗುವುದು ಕಷ್ಟ. ಮಲೆನಾಡಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ. ಐಸ್‌ಪ್ಯಾಕ್ ಹಾಕಿದ ಡಬ್ಬದಲ್ಲಿಡಿ, ಆದರೆ ಐಸಿಗೆ ನೇರ ತಾಗಿ ಔಷಧ ಹೆಪ್ಪುಗಟ್ಟಬಾರದು. ಎರಡು ದಿನ ಫ್ರಿಜ್ ನಿಂತಿದ್ದರೆ ಮುಚ್ಚಿಡದೆ ಹೇಳಿ.

ಎರಡನೇ ಸಲ ಡೋಸ್ ದುಪ್ಪಟ್ಟು ಮಾಡಿದರೆ ದುಪ್ಪಟ್ಟು ಅಂಡಾಣು ಬರುತ್ತದಾ?

ಇಲ್ಲ. ಸಂಗ್ರಹ ಚೆನ್ನಾಗಿದ್ದೂ ಸ್ಪಂದನೆ ಮಂದವಾಗಿದ್ದರೆ ಡೋಸ್ ಹೆಚ್ಚಿಸುವುದರಿಂದ ಉಪಯೋಗ ಆಗಬಹುದು. ಸಂಗ್ರಹವೇ ಕಡಿಮೆ ಇರುವವರಿಗೆ ದಿನಕ್ಕೆ 300 ಯೂನಿಟ್ ದಾಟಿಸಿ ಲಾಭವಿಲ್ಲ ಎಂದು ಯುರೋಪಿನ ತಜ್ಞರ ಮಾರ್ಗಸೂಚಿಯೂ ಹೇಳುತ್ತದೆ. ಅಂಡಾಶಯಕ್ಕೆ ಪಿಆರ್‌ಪಿ (ನಿಮ್ಮದೇ ರಕ್ತದಿಂದ ಬೇರ್ಪಡಿಸಿದ ದ್ರವ) ಚುಚ್ಚಿ 'ಮತ್ತೆ ಯೌವನ ತರುತ್ತೇವೆ' ಎನ್ನುವವರ ಮಾತಿಗೆ ಗಟ್ಟಿ ಆಧಾರ ಇನ್ನೂ ಇಲ್ಲ. ಮೂರು ಅಂಡಾಣುಗಳಿಂದಲೂ ಮಗು ಆಗುತ್ತದೆ, ಚಿಕ್ಕ ವಯಸ್ಸಿನವರಾದರೆ ಇನ್ನೂ ಹೆಚ್ಚು.

ಗೋಕರ್ಣದಲ್ಲಿ ನಾಗಪ್ರತಿಷ್ಠೆ ಮಾಡಿಸಿದ ಮೇಲೇ ಚಿಕಿತ್ಸೆ ಎನ್ನುತ್ತಾರೆ ಅತ್ತೆ.

ಮಾಡಿಸಿ, ಮನಸ್ಸಿಗೆ ಬಲ ಬರುತ್ತದೆ. ಆದರೆ 36 ದಾಟಿದವರು, ಎಎಂಎಚ್ ಇಳಿಯುತ್ತಿರುವವರು ಅದಕ್ಕಾಗಿ ಚಿಕಿತ್ಸೆ ವರ್ಷಗಟ್ಟಲೆ ಮುಂದೂಡಬೇಡಿ. ಎರಡೂ ಜೊತೆಯಲ್ಲೇ ನಡೆಯಲಿ. ಅತ್ತೆಯನ್ನೂ ಒಮ್ಮೆ ಸಮಾಲೋಚನೆಗೆ ಕರೆತನ್ನಿ, ಸಮಾಧಾನವಾಗಿ ಕೇಳಿಸಿಕೊಳ್ಳುವ ಅತ್ತೆಯಂದಿರು ನೀವು ಎಣಿಸಿದ್ದಕ್ಕಿಂತ ಹೆಚ್ಚು ಇದ್ದಾರೆ.

ಮಳೆಗಾಲದಲ್ಲಿ ಸೈಕಲ್ ಶುರುಮಾಡಬಹುದಾ?

ದೇಹಕ್ಕೆ ತೊಂದರೆಯಿಲ್ಲ, ದಾರಿಗೆ ಇದೆ. ಕೊನೆಯ ಟ್ರಿಗರ್ ಇಂಜೆಕ್ಷನ್ ಕೊಟ್ಟ 34ರಿಂದ 36 ಗಂಟೆಯೊಳಗೆ ಅಂಡಾಣು ತೆಗೆಯಬೇಕು. ತಡವಾದರೆ ಅವು ತಾವಾಗಿ ಬಿಡುಗಡೆಯಾಗಿ ಕೈತಪ್ಪುತ್ತವೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋಯಿತು, ಅದೇ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರಿಗರ್ ದಿನದ ಮೊದಲೇ ಆಸ್ಪತ್ರೆ ಇರುವ ಊರಿಗೆ ಹೋಗಿ ಉಳಿದುಕೊಳ್ಳಿ.

ಭ್ರೂಣದ ಜೀನ್ ಪರೀಕ್ಷೆ ಮಾಡುವಾಗ ಗಂಡೋ ಹೆಣ್ಣೋ ಹೇಳುತ್ತಾರಾ?

ಇಲ್ಲ, ಕೇಳಲೂಬೇಡಿ. 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ಅದು ಅಪರಾಧ. ನೀವು ಹೋಗುವ ಕೇಂದ್ರ 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಡಿ ನೋಂದಾಯಿತವೇ ಎಂದು ನೋಡಿಕೊಳ್ಳಿ.

ನನಗೆ ಪ್ರಿಮ್ಯುಟೇಶನ್ ಬಂದಿದೆ. ತಂಗಿಗಿನ್ನೂ ಮದುವೆಯಾಗಿಲ್ಲ. ಅವಳಿಗೆ ಹೇಳಬೇಕಾ? ಸಂಬಂಧ ತಪ್ಪಿಹೋದರೆ?

ಈ ಭಯ ನಿಜವಾದದ್ದು, ಅದನ್ನು ಹಗುರ ಮಾಡಿ ಮಾತಾಡಲಾರೆ. ಆದರೂ ಹೇಳಿ. ನಿಮಗೆ ಅದು ಅಮ್ಮನಿಂದ ಬಂದಿದ್ದರೆ ಅವಳಲ್ಲೂ ಇರುವ ಸಾಧ್ಯತೆ ಅರ್ಧ, ಅಪ್ಪನಿಂದ ಬಂದಿದ್ದರೆ ಅವಳಲ್ಲಿ ಇದ್ದೇ ಇರುತ್ತದೆ. ನಿಮಗೆ 33ಕ್ಕೆ ಗೊತ್ತಾದದ್ದು ಅವಳಿಗೆ 24ಕ್ಕೇ ಗೊತ್ತಾದರೆ ಅಂಡಾಣು ಶೈತ್ಯೀಕರಿಸಿಡುವುದೋ, ಮಕ್ಕಳನ್ನು ಬೇಗ ಪಡೆಯುವುದೋ ಅವಳೇ ಯೋಚಿಸಲು ವೇಳೆ ಇರುತ್ತದೆ. ಊರಿಗೆಲ್ಲ ಹೇಳುವ ಅಗತ್ಯವಿಲ್ಲ. ಅವಳೊಬ್ಬಳನ್ನೇ ಕೂರಿಸಿಕೊಂಡು ನಿಮ್ಮ ವರದಿ ತೋರಿಸಿ. ಪರೀಕ್ಷೆ ಮಾಡಿಸುವುದು ಬಿಡುವುದು ಅವಳ ತೀರ್ಮಾನ, ಅಪ್ಪ ಅಥವಾ ಅಣ್ಣಂದಿರದ್ದಲ್ಲ. ಹೋಗುವಾಗ ನಿಮ್ಮ ವರದಿಯ ಪ್ರತಿ ಒಯ್ಯಲಿ, ಅದರಲ್ಲಿರುವ ಸಿಜಿಜಿ ಸಂಖ್ಯೆ ತಳಿ ಸಮಾಲೋಚಕರಿಗೆ ಬೇಕಾಗುತ್ತದೆ.